ಹನ್ನೊಂದನೇ ಬ್ಯಾಚಿನ ಹಾಳೆ

ಭಾನುವಾರ, ತಾರೀಖು ಹದಿನಾಲ್ಕು
ಮಧ್ಯಾಹ್ನ, ಊಟದ ಮೇಜಿನಿಂದ

ನನ್ನ ಮುದ್ದು ಚೂಟಿ,

ನಾವಿಬ್ಬರೂ ಇಲ್ಲಿ ಆರಾಮಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ನೀನು ಹೇಗಿದ್ದೀಯ ಎಂದು ಕೇಳಲು ಈ ಸಲ ನನಗೆ ಮುಖವಿಲ್ಲ. ಗುರುವಾರ ಫೋನಿನಲ್ಲಿ ನಾನು ನಿನಗೆ ಸುಳ್ಳು ಹೇಳಿದೆ.

ಅಮ್ಮಾ, ನಿಮ್ಮ ಆಸ್ಪತ್ರೆಯಿಂದ ನಮ್ಮ ಲ್ಯಾಬಿಗೆ ದೂರು ಬಂದಿದೆ, ಸೂಜಿ ಕಟ್ಕೊಳ್ತು ಅಂತ, ಯಾರು ಬರೆದಿದ್ದು ಗೊತ್ತಾ ಅಂತ ನೀನು ಕೇಳಿದೆ. ನಂಗೇನು ಗೊತ್ತು, ಯಾರೋ ಹೊಸಬಳು ಇರಬೇಕು, ಇನ್ನೂ ಕೈ ಪಳಗಿಲ್ಲ ಅಂತ ನಾನಂದೆ. ಆಮೇಲೆ ನೀನು ಆ ಹೊಸಬಳಿಗೆ ಹತ್ತು ನಿಮಿಷ ಬಾಯಿಗೆ ಬಂದಹಾಗೆ ಬೈದೆ. ನೆಟ್ಟಗೆ ಬಾಟಲಿ ಅಲ್ಲಾಡಿಸೋಕೂ ಬರದವರನ್ನ ಯಾರು ನರ್ಸ್ ಮಾಡಿದರೋ ಅಂತಲೂ ಅಂದೆ. ನಾನು ಹೂಂ ಹೂಂ ಅನ್ನುತ್ತಾ ಕೇಳಿಸಿಕೊಂಡೆ. ಹೊಸಬಳು ಯಾರೂ ಇಲ್ಲ ಮಗಳೇ. ದೂರು ಬರೆದವಳು ನಾನು. ಫಾರಂನಲ್ಲಿ ಹೆಸರಿನ ಬದಲು ಕೋಣೆಯ ನಂಬರು ಮಾತ್ರ ಇರುತ್ತದೆ, ಅದಕ್ಕೇ ನಿನಗೆ ಗೊತ್ತಾಗಲಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀಯ, ನಾನು ನಿನ್ನದನ್ನು ಕತ್ತರಿಸುತ್ತೇನೆ. ಕೊನೆಗೆ ಇಬ್ಬರೂ ಮುಖ ಊದಿಸಿಕೊಂಡು, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಓದು. ಕೋಪ ಬಂದರೆ ಮಡಿಸಿಟ್ಟು, ಮುಖ ತೊಳೆದುಕೊಂಡು ಬಂದು ಮತ್ತೆ ಓದು.

ನಿನಗೆ ಗೊತ್ತಿರುವುದನ್ನೇ ನಾನು ಸ್ವಲ್ಪ ಬರೆಯಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಪ್ರಯೋಗಶಾಲೆಯ ಕಡೆಯಿಂದ ನಿನಗೆ ಎಲ್ಲವೂ ಗೊತ್ತು. ಆದರೆ ನನ್ನ ಕೋಣೆಯಲ್ಲಿ ಅದು ಹೇಗೆ ಕಾಣುತ್ತದೆ ಎಂದು ನೀನು ಒಂದು ಸಲವೂ ಬಂದು ನೋಡಿಲ್ಲ.

ನಿಮ್ಮ ಪೆಟ್ಟಿಗೆ ತಿಂಗಳ ಮೊದಲನೇ ವಾರ ನಮಗೆ ಬರುತ್ತದೆ. ಒಂದೊಂದು ಡಬ್ಬಿಯಲ್ಲಿ ಒಂದು ಚಿಕ್ಕ ಬಾಟಲಿ, ತಳದಲ್ಲಿ ಒಂದು ಚಿಟಿಕೆಯಷ್ಟು ಬಿಳಿ ಪುಡಿ. ನೋಡಿದರೆ ಮುಖಕ್ಕೆ ಹಚ್ಚುವ ಪೌಡರು. ಅದರ ಒಂದೊಂದು ಕಣವೂ ಮೈಯೊಳಗೆ ನಿಧಾನವಾಗಿ ಕರಗುವ ಪ್ಲಾಸ್ಟಿಕ್ಕಿನ ಉಂಡೆ, ಅದರ ಹೊಟ್ಟೆಯಲ್ಲಿ ಮದ್ದು, ಕರಗುತ್ತಾ ಕರಗುತ್ತಾ ಒಂದು ತಿಂಗಳು ಮದ್ದು ಬಿಡುತ್ತಾ ಹೋಗುತ್ತದೆ ಎಂದು ನೀನು ಮೊದಲ ಸಲ ಹೇಳಿದಾಗ ನಾನು ನಂಬಿರಲಿಲ್ಲ. ಡಬ್ಬಿಯಲ್ಲಿ ಅದರ ಜೊತೆಗೇ ನೀರು, ಸಿರಿಂಜು, ಸೂಜಿ. ಪುಡಿಗೆ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು, ಎರಡು ನಿಮಿಷದೊಳಗೆ ಸೊಂಟದ ಸ್ನಾಯುವಿಗೆ ಕೊಡಬೇಕು. ತಡವಾದರೆ ಕಣಗಳು ತಳಕ್ಕೆ ಕೂರುತ್ತವೆ. ಸೂಜಿ ಕಟ್ಟಿಕೊಂಡರೆ ತಳ್ಳಬಾರದು, ಬೇರೆ ಸೂಜಿ ಹಾಕಬಾರದು. ಆ ಡಬ್ಬಿಯನ್ನು ಬದಿಗಿಟ್ಟು, ಬರೆದು, ಹೊಸ ಡಬ್ಬಿ ತರಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದೆಲ್ಲಾ ಗೋಡೆಗೆ ಅಂಟಿಸಿದ ಹಾಳೆಯಲ್ಲಿದೆ. ಅಂಟಿಸಿದವಳೂ ನಾನೇ.

ಮಗಳು ಮಾಡಿದ ಕಣ ನನ್ನ ಕೋಣೆಗೇ ಬರುತ್ತದೆ ಎಂದು ಗೊತ್ತಾದ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ದೊಡ್ಡ ಡಾಕ್ಟರಿಗೆ ಅವತ್ತೇ ಹೇಳಿದ್ದೆ. ಅವರು ನಕ್ಕು, ಓಹೋ, ಮಗಳು ಬೇಯ್ಸೋದು ಅಮ್ಮ ಬಡ್ಸೋದು, ನಾವು ಸುಮ್ನೆ ಎಲೆ ಮುಂದೆ ಕೂತ್ರಾಯ್ತು ಅಂದಿದ್ದರು. ಇಪ್ಪತ್ತಾರು ವರ್ಷ ಸೂಜಿ ಹಿಡಿದಿದ್ದೇನೆ, ಯಾವ ಬಾಟಲಿಯನ್ನೂ ಹಾಗೆ ಎರಡೂ ಕೈಯಲ್ಲಿ ಹಿಡಿದಿರಲಿಲ್ಲ.

ಈಗ ದರ್ಜಿಯ ವಿಷಯಕ್ಕೆ ಬರುತ್ತೇನೆ. ಈ ಕಾಗದ ಅವನ ಸಲುವಾಗಿಯೇ.

ಅವನು ನಿಮ್ಮ ಇಂಜೆಕ್ಷನ್ನಿನ ಪ್ರಯೋಗಕ್ಕೆ ನಮ್ಮಲ್ಲಿ ಸೇರಿದ ನಾಲ್ಕನೇ ರೋಗಿ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕ ಅವನ ಅಂಗಡಿ. ನಮ್ಮ ಸಮವಸ್ತ್ರವೆಲ್ಲ ಅವನೇ ಹೊಲಿಯುತ್ತಿದ್ದ. ಇಲ್ಲದ ದನಿ ಕೇಳಿಸುವ ಕಾಯಿಲೆಗೆ ಐದು ವರ್ಷದಲ್ಲಿ ಮೂರು ಸಲ ವಾರ್ಡಿಗೆ ಸೇರಿದ ಮನುಷ್ಯ. ಮಾತ್ರೆ ತಿಂದರೆ ಸರಿ ಇರುತ್ತಾನೆ, ಸರಿ ಆದ ಕೂಡಲೇ ಮಾತ್ರೆ ಬಿಡುತ್ತಾನೆ. ಅವನ ಅಕ್ಕ ದಿನಾ ಬೆಳಗ್ಗೆ ಅವನ ಬಾಯಿ ತೆರೆಸಿ, ನಾಲಗೆ ಎತ್ತಿಸಿ, ನುಂಗಿದನೋ ಇಲ್ಲವೋ ಎಂದು ನೋಡಬೇಕಿತ್ತು. ನಲವತ್ತು ವರ್ಷದ ತಮ್ಮನ ಬಾಯಲ್ಲಿ ಬೆರಳು ಹಾಕೋದು ಅಂದ್ರೆ ಇಬ್ಬರಿಗೂ ಸಾವೇ ಸಿಸ್ಟರ್ ಅಂತ ಅವಳು ಒಮ್ಮೆ ಹೇಳಿದ್ದಳು. ನಿಮ್ಮ ಇಂಜೆಕ್ಷನ್ ಬಂದ ಮೇಲೆ ಆ ಜಗಳ ನಿಂತಿತು. ತಿಂಗಳಿಗೊಂದು ಸಲ ಬರುತ್ತಿದ್ದ, ಮಲಗುತ್ತಿದ್ದ, ಎದ್ದು ಹೋಗುತ್ತಿದ್ದ. ಐದು ತಿಂಗಳು ಅವನ ಹೊಲಿಗೆ ಯಂತ್ರ ನಿಲ್ಲಲಿಲ್ಲ. ನಾನು ಕೇಳದೇ ಇದ್ದರೂ ನನ್ನ ಹೊಸ ಸಮವಸ್ತ್ರಕ್ಕೆ ಪೆನ್ನಿಗೆಂದೇ ಒಂದು ಸಣ್ಣ ಜೇಬು ಇಟ್ಟುಕೊಟ್ಟ. ನೀವು ಯಾವಾಗ್ಲೂ ಪೆನ್ನು ಹುಡುಕ್ತಾ ಇರ್ತೀರಿ, ನೋಡಿದ್ದೀನಿ ಅಂದ.

ಆರನೇ ಇಂಜೆಕ್ಷನ್ ಹತ್ತು ವಾರದ ಹಿಂದೆ, ಒಂದು ಮಂಗಳವಾರ. ಅವತ್ತು ಅರ್ಧದಲ್ಲಿ ಸೂಜಿ ಕಟ್ಟಿಕೊಂಡಿತು. ಹೆಬ್ಬೆರಳಿಗೆ ಗೋಡೆ ಸಿಕ್ಕ ಹಾಗಾಯಿತು. ನಾನು ಸೂಜಿ ತೆಗೆದೆ, ಟ್ರಾಲಿಯಲ್ಲಿದ್ದ ದಪ್ಪ ಸೂಜಿ ಹಾಕಿದೆ, ಇನ್ನೊಂದು ಪಕ್ಕಕ್ಕೆ ಚುಚ್ಚಿ ಉಳಿದದ್ದನ್ನು ತಳ್ಳಿದೆ. ಅಷ್ಟರಲ್ಲಿ ಕಣಗಳು ಕೂತುಬಿಟ್ಟಿದ್ದವು. ನೀರು ಹೋಯಿತು, ಪುಡಿ ಸಿರಿಂಜಿನಲ್ಲೇ ಉಳಿಯಿತು, ತಳದಲ್ಲಿ ಬೆಳ್ಳಗೆ. ಮೂರರಲ್ಲಿ ಒಂದು ಪಾಲಿಗೆ ಕಡಿಮೆ ಇರಲಿಲ್ಲ. ನಾನು ಸಿರಿಂಜನ್ನು ಕೆಂಪು ಡಬ್ಬಕ್ಕೆ ಹಾಕಿ, ಚೀಟಿಯಲ್ಲಿ "ಪೂರ್ತಿ ಡೋಸ್ ಕೊಡಲಾಗಿದೆ" ಎಂಬುದರ ಮುಂದೆ ಗುರುತು ಹಾಕಿದೆ.

ಯಾಕೆ ಹಾಕಿದೆ ಎಂದು ನೀನು ಕೇಳುತ್ತೀಯ. ಬಾಟಲಿಯ ಮೇಲೆ ಹನ್ನೊಂದು ಎಂದು ಇತ್ತು. ಅದು ನಿನ್ನ ಬ್ಯಾಚು, ನೀನೇ ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ನಿಂತು ಮಾಡಿದ ಮೊದಲನೇ ಬ್ಯಾಚು. ಅದರ ಮೇಲೆ ನನ್ನ ಕೈಯಿಂದ ದೂರು ಹೋಗುವುದು ಬೇಡ ಅನ್ನಿಸಿತು. ಒಂದು ಸಲ ತಾನೇ, ನನ್ನ ಕೈ ತಡ ಮಾಡಿರಬೇಕು, ಇನ್ನೊಂದು ಸಲ ಜೋರಾಗಿ ಅಲ್ಲಾಡಿಸಿದರಾಯಿತು ಎಂದುಕೊಂಡೆ.

ನಾಲ್ಕು ವಾರ ಕಳೆದ ಮೇಲೆ ಒಂದು ಸೋಮವಾರ ಬೆಳಗ್ಗೆ ಅವನ ಅಕ್ಕ ಓಡುತ್ತಾ ಬಂದಳು. ಅಂಗಡಿ ಬಾಗಿಲು ಒಳಗಿನಿಂದ ಹಾಕಿದ್ದನಂತೆ, ಪಕ್ಕದವರು ಒಡೆದರಂತೆ. ಅವನು ಗಿರಾಕಿಗಳ ಏಳು ಕೋಟುಗಳನ್ನು ಬಿಚ್ಚಿ ಕೂತಿದ್ದ. ಹರಿದಿರಲಿಲ್ಲ, ಕತ್ತರಿಸಿರಲಿಲ್ಲ. ಒಂದೊಂದೇ ಹೊಲಿಗೆ ಬಿಡಿಸಿ, ತೋಳು ಬೇರೆ, ಕಾಲರು ಬೇರೆ, ಅಸ್ತರು ಬೇರೆ ಮಾಡಿ, ಇಸ್ತ್ರಿ ಹಾಕಿ ಮಡಿಸಿಟ್ಟಿದ್ದ. ಹೊಲಿಗೆಯೊಳಗೆ ಯಾರೋ ಮಾತಾಡ್ತಾ ಇದ್ದರು, ಹುಡುಕ್ತಿದ್ದೆ ಅಂತ ನಮಗೆ ಹೇಳಿದ. ಮೂರು ದಿನ ನಿದ್ದೆ ಇಲ್ಲ, ಕಣ್ಣು ಒಳಕ್ಕೆ ಹೋಗಿದ್ದವು. ವಾರ್ಡಿಗೆ ಸೇರಿಸಿಕೊಂಡೆವು.

ಅಲ್ಲಿ ಎರಡನೇ ದಿನ ಅವನು ನನ್ನನ್ನು ಕರೆದು ಒಂದು ಮಾತು ಹೇಳಿದ. ಸಿಸ್ಟರ್, ಹೋದ ಸಲ ಮದ್ದು ನಂಗೆ ಸಾಕಾಗ್ಲಿಲ್ಲ, ಪ್ರತಿ ಸಲ ಒಂದು ವಾರ ಬಾಯಿ ಒಣಗ್ತಾ ಇತ್ತು, ಹೋದ ಸಲ ಒಣಗ್ಲೇ ಇಲ್ಲ ಅಂದ. ಜಗಳದ ದನಿಯಲ್ಲಿ ಅಲ್ಲ, ತೋಳು ಒಂದಿಂಚು ಗಿಡ್ಡ ಆಯ್ತು ಅನ್ನುವ ಹಾಗೆ. ದೊಡ್ಡ ಡಾಕ್ಟರಿಗೂ ಅದನ್ನೇ ಹೇಳಿದ್ದಾನೆ. ಅವರು ಚೀಟಿ ತೆಗೆದು ನೋಡಿದರು, ಪೂರ್ತಿ ಡೋಸ್ ಎಂದು ನನ್ನ ಕೈಬರಹ. ರೋಗಿಗೆ ಡೋಸ್ ಕಡಿಮೆಯಾಯಿತೆಂಬ ಭ್ರಮೆ ಇದೆ ಎಂದು ಅವನ ಕೇಸ್ ಹಾಳೆಯಲ್ಲಿ ಬರೆದರು. ಭ್ರಮೆ ಅನ್ನುವ ಆ ಪದವನ್ನು ನಾನು ಪಕ್ಕದಲ್ಲೇ ನಿಂತು ಓದಿದೆ ಚೂಟಿ. ಓದಿ ಸುಮ್ಮನೆ ಥರ್ಮಾಮೀಟರ್ ತೊಳೆಯಲು ಹೋದೆ. ಥೂ, ನನ್ನ ಜನ್ಮಕ್ಕಿಷ್ಟು.

ಈಗ ಏನಾಗುತ್ತಿದೆ ಎಂದರೆ, ಬರುವ ಗುರುವಾರ ಹತ್ತು ಗಂಟೆಗೆ ಪ್ರಯೋಗದ ಸಮಿತಿ ಸೇರುತ್ತದೆ. ದರ್ಜಿಯ ಹೆಸರು "ಮದ್ದು ಕೆಲಸ ಮಾಡದವರು" ಎಂಬ ಪಟ್ಟಿಯಲ್ಲಿದೆ. ಆ ಪಟ್ಟಿಗೆ ಮೊಹರು ಬಿದ್ದರೆ ಅವನು ಪ್ರಯೋಗದಿಂದ ಹೊರಗೆ. ಅಷ್ಟೇ ಅಲ್ಲ, ನಾಳೆ ಈ ಇಂಜೆಕ್ಷನ್ ಅಂಗಡಿಗೆ ಬಂದರೂ ಅವನ ಫೈಲಿನಲ್ಲಿ ಇವನಿಗೆ ಇದು ಹಿಡಿಯುವುದಿಲ್ಲ ಎಂದೇ ಇರುತ್ತದೆ, ಯಾವ ಡಾಕ್ಟರೂ ಕೊಡುವುದಿಲ್ಲ. ಮತ್ತೆ ಮಾತ್ರೆ, ಮತ್ತೆ ಅಕ್ಕನ ಬೆರಳು, ಮತ್ತೆ ವಾರ್ಡು. ಐದು ತಿಂಗಳು ಅವನಿಗೆ ಹಿಡಿದ ಮದ್ದು ಅದು. ಹಿಡಿಯುವುದಿಲ್ಲ ಅನ್ನುವುದು ಶುದ್ಧ ಸುಳ್ಳು, ಆ ಸುಳ್ಳಿನ ಕೆಳಗೆ ನನ್ನ ಸಹಿ ಇದೆ.

ದೂರು ಬರೆದದ್ದು ಇದಾದ ನಂತರ. ಎರಡು ವಾರದ ಹಿಂದೆ ಒಬ್ಬ ಬಸ್ ಕಂಡಕ್ಟರ್ ಹೆಂಗಸಿಗೆ ಕೊಡುವಾಗ ಮತ್ತೆ ಕಟ್ಟಿಕೊಂಡಿತು, ಅದೂ ಹನ್ನೊಂದನೇ ಬ್ಯಾಚಿನದೇ. ಆ ಸಲ ನಾನು ನಿಯಮದ ಪ್ರಕಾರ ಮಾಡಿದೆ. ಡಬ್ಬಿ ಬದಿಗಿಟ್ಟೆ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಕಣ ಕೂದಲಿನ ದಪ್ಪ ಕೂಡ ಇರಲ್ಲ, ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣೋದೇ ಇಲ್ಲ ಅಂತ ನೀನು ಹೇಳಿದ್ದೆ. ನನಗೆ ಕಂಡವು. ಗಾಜಿಗೆ ಅಂಟಿಕೊಂಡು ಸಣ್ಣ ರವೆಯ ಹಾಗೆ ಐದಾರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಅಲ್ಲೇ ಇದ್ದವು.

ಆಮೇಲೆ ಫೈಲು ತೆಗೆದೆ. ಪ್ರತಿ ಪೆಟ್ಟಿಗೆಯ ಜೊತೆ ನೀವು ಒಂದು ಹಾಳೆ ಕಳಿಸುತ್ತೀರಲ್ಲ, ಕಣಗಳ ಅಳತೆಯ ಗೆರೆ ಇರುವುದು, ಕೆಳಗೆ ನಿನ್ನ ಸಹಿ ಇರುವುದು. ಸಹಿ ನೋಡಿ ಖುಷಿಪಟ್ಟು ಫೈಲಿಗೆ ಹಾಕುತ್ತಿದ್ದೆನೇ ಹೊರತು ಗೆರೆಯನ್ನು ನಾನು ಯಾವತ್ತೂ ಓದಿರಲಿಲ್ಲ. ಅವತ್ತು ಒಂಬತ್ತು, ಹತ್ತು, ಹನ್ನೊಂದು ಮೂರನ್ನೂ ಮೇಜಿನ ಮೇಲೆ ಹರಡಿದೆ. ಮೂರರಲ್ಲೂ ಒಂದೊಂದೇ ಗುಡ್ಡ. ಹನ್ನೊಂದರದು ಎಲ್ಲಕ್ಕಿಂತ ಚೆಂದದ ಗುಡ್ಡ. ಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ, ಒಂಬತ್ತರಲ್ಲೂ ಹತ್ತರಲ್ಲೂ "ಗಾತ್ರದ ಲೆಕ್ಕ" ಎಂದಿದೆ. ಹನ್ನೊಂದರಲ್ಲಿ "ಸಂಖ್ಯೆಯ ಲೆಕ್ಕ" ಎಂದಿದೆ.

ಅದರ ಅರ್ಥ ನನಗೆ ಗೊತ್ತಿರುವುದು ನಿನ್ನಿಂದಲೇ. ಹೋದ ರಜೆಯಲ್ಲಿ ಬಂದಾಗ ಇದೇ ಮೇಜಿನ ಮೇಲೆ ನನ್ನ ಸಾಸಿವೆ ಡಬ್ಬಿ ಸುರಿದು, ಅದರೊಳಗೆ ನಾಲ್ಕು ಒಣ ಬಟಾಣಿ ಹಾಕಿ ನೀನು ಪಾಠ ಮಾಡಿದ್ದೆ. ನಾನೂರು ಸಾಸಿವೆ, ನಾಲ್ಕು ಬಟಾಣಿ. ಎಣಿಸಿದರೆ ನೂರಕ್ಕೆ ಒಂದು ಮಾತ್ರ ದೊಡ್ಡದು, ಯಾರಿಗೂ ಲೆಕ್ಕಕ್ಕಿಲ್ಲ. ಆದರೆ ಒಂದು ಬಟಾಣಿಯ ಹೊಟ್ಟೆಯಲ್ಲಿ ನೂರು ಸಾಸಿವೆ ಹಿಡಿಸುತ್ತದೆ. ಅಂದರೆ ಆ ನಾಲ್ಕರೊಳಗೇ ಅರ್ಧ ಮದ್ದು ಇರುತ್ತೆ ಅಮ್ಮಾ, ಅದು ಬೇಗ ಹೊರಗೆ ಬರಲ್ಲ, ರೋಗಿಗೆ ಬೇಕಾದಾಗ ಸಿಗಲ್ಲ, ಅದಕ್ಕೇ ನಾವು ಯಾವಾಗಲೂ ಗಾತ್ರದ ಲೆಕ್ಕಾನೇ ನೋಡೋದು ಅಂದೆ. ಆಮೇಲೆ ನಕ್ಕು, ಮಷೀನಿನಲ್ಲಿ ಒಂದು ಗುಂಡಿ ಒತ್ತಿದರೆ ಸಂಖ್ಯೆಯ ಲೆಕ್ಕ ಬರುತ್ತೆ, ಆಗ ದೊಡ್ಡವು ಮಾಯ, ಗೆರೆ ನೋಡೋಕೆ ಬಲು ಚೆಂದ ಅಂದೆ. ನಾನೂ ನಕ್ಕಿದ್ದೆ. ಆ ಸಾಸಿವೆ ಆರಿಸಲು ನನಗೆ ಅರ್ಧ ದಿನ ಹಿಡಿಯಿತು, ನಿನಗೆ ಶಾಪ ಹಾಕಿಕೊಂಡೇ ಆರಿಸಿದ್ದೆ.

ಆ ಹಾಳೆ ನೋಡುತ್ತಾ ಕೂತಾಗ ನಿನ್ನ ಇನ್ನೊಂದು ಫೋನೂ ನೆನಪಾಯಿತು. ಮೂರು ತಿಂಗಳ ಹಿಂದಿನದು. ಕಲಕುವ ಮೋಟರು ಮಧ್ಯದಲ್ಲಿ ನಿಧಾನ ಆಯ್ತಮ್ಮಾ, ದೊಡ್ಡ ದೊಡ್ಡವು ಬಂದುಬಿಟ್ಟಿವೆ, ಸಣ್ಣ ಜರಡಿ ಹಿಡಿದರೆ ಅರ್ಧ ಬ್ಯಾಚೇ ಹೋಗುತ್ತೆ, ಶುಕ್ರವಾರ ಗಾಡಿ ಬರುತ್ತೆ, ಬಾಸು ತಲೆ ಮೇಲೆ ಕೂತಿದಾನೆ ಅಂತ ಅತ್ತಿದ್ದೆ. ಮೂರು ವಾರದ ಕೆಲಸ ಎಂದು ಅತ್ತಿದ್ದೆ. ಆಗ ನಾನು ಏನಂದೆ ಗೊತ್ತಾ? ಹೇಗೋ ಒಂದು ಸುಧಾರಿಸಿ ಕಳಿಸಿ, ಹೋಗಿ ಮಲಗೇ ಅಂದೆ. ಏನು ಕೆಟ್ಟಿದೆ, ಏನು ಸುಧಾರಿಸಬೇಕು, ಅದು ಯಾರ ಮೈಗೆ ಹೋಗುತ್ತದೆ, ಒಂದನ್ನೂ ಕೇಳಲಿಲ್ಲ. ನಿನ್ನ ಅಳು ನಿಂತರೆ ಸಾಕಾಗಿತ್ತು ನನಗೆ.

ನೀನು ಗುಂಡಿ ಒತ್ತಿದೆಯಾ ಎಂದು ನಾನು ಕೇಳುತ್ತಿಲ್ಲ. ನನಗೆ ಗೊತ್ತು. ನೀನು ಚಿಕ್ಕವಳಿದ್ದಾಗ ಅಂಕಪಟ್ಟಿ ತೋರಿಸುವಾಗ ಕಡಿಮೆ ಬಂದ ಪಾಠದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ತೋರಿಸುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ, ಹೆಬ್ಬೆರಳು ಇಡುತ್ತಿದ್ದೆ. ನಾನು ನೋಡಿಯೂ ನೋಡದ ಹಾಗೆ ಸಹಿ ಹಾಕುತ್ತಿದ್ದೆ, ಪಾಪ ಕೂಸು ಎಂದು. ಅದನ್ನೆಲ್ಲ ಆಗಲೇ ಸರಿ ಮಾಡಬೇಕಿತ್ತು.

ನಿನ್ನೆ, ಶನಿವಾರ, ನಾನು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಬಾಯಿ ಬಿಟ್ಟೆ. ದರ್ಜಿಯ ಆರನೇ ಇಂಜೆಕ್ಷನ್ ಪೂರ್ತಿ ಹೋಗಲಿಲ್ಲ, ಬೇರೆ ಸೂಜಿ ಹಾಕಿದೆ, ಸುಳ್ಳು ಗುರುತು ಹಾಕಿದೆ, ಎಲ್ಲ ಹೇಳಿದೆ. ಯಾಕೆ ಮಾಡಿದೆ ಎಂದು ಕೇಳಿದರು. ಮಗಳ ಬ್ಯಾಚು ಸಾರ್ ಎಂದೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ, ಇಷ್ಟು ವರ್ಷದಲ್ಲಿ ನಿಮ್ಮ ಚೀಟಿ ನಾನು ಎರಡನೇ ಸಲ ನೋಡಿದವನಲ್ಲ ಸಿಸ್ಟರ್ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಬರೆದು ಕೊಡಿ ಅಂದರು, ಕೊಟ್ಟೆ. ಸೋಮವಾರದಿಂದ ನನಗೆ ಇಂಜೆಕ್ಷನ್ ಕೋಣೆ ಇಲ್ಲ, ಬಟ್ಟೆ ಉಗ್ರಾಣ. ವಿಚಾರಣೆ ಮುಗಿಯುವವರೆಗೆ ಹೊದಿಕೆ, ದಿಂಬಿನ ಚೀಲ ಎಣಿಸಿಕೊಂಡು ಇರಬೇಕು. ಕೆಲಸ ಉಳಿಯಬಹುದು, ಹೋಗಬಹುದು. ನಿಮ್ಮಪ್ಪನಿಗೆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅವರು ಡಿಪೋದಲ್ಲಿ ಬ್ರೇಕ್ ನೋಡುವ ಮನುಷ್ಯ, ನಿನಗೆ ಗೊತ್ತಲ್ಲ. ಬ್ರೇಕ್ ಸರಿ ಇಲ್ಲದ ಬಸ್ಸನ್ನ ಸರಿ ಇದೆ ಅಂತ ಬರೆದು ಕಳಿಸಿದ್ರೆ ನಂಗೆ ಅವತ್ತೇ ಗೇಟು, ನಿಂಗೆ ಬಟ್ಟೆ ಕೋಣೆ ಕೊಟ್ಟಿದಾರೆ, ಪುಣ್ಯಾತ್ಮರು ಅಂದರು. ಆಮೇಲೆ ನನ್ನ ತಟ್ಟೆಯನ್ನೂ ಅವರೇ ತೊಳೆದಿಟ್ಟರು.

ಆದರೆ ನನ್ನ ಹೇಳಿಕೆಯಿಂದ ದರ್ಜಿಯ ಕೆಲಸ ಆಗುವುದಿಲ್ಲ. ದೊಡ್ಡ ಡಾಕ್ಟರು ನೇರವಾಗಿಯೇ ಹೇಳಿದರು. ಸಿರಿಂಜಿನ ತಳದಲ್ಲಿ ಸ್ವಲ್ಪ ಉಳಿದಿದ್ದಕ್ಕೆ ಮನುಷ್ಯ ನಾಲ್ಕೇ ವಾರದಲ್ಲಿ ಹೀಗಾದ ಅಂದ್ರೆ ಸಮಿತಿ ಒಪ್ಪಲ್ಲ ಸಿಸ್ಟರ್, ನರ್ಸು ರೋಗಿ ಮೇಲಿನ ಮರುಕಕ್ಕೆ ಹೇಳ್ತಿದಾಳೆ ಅಂತಾರೆ, ಬ್ಯಾಚಿನಲ್ಲೇ ಏನಾದ್ರೂ ದೋಷ ಇತ್ತು ಅಂತ ಕಂಪನಿ ಹೇಳಿದ್ರೆ ಮಾತು ಬೇರೆ, ಆದ್ರೆ ಕಂಪನಿ ಹಾಳೆ ಚೆನ್ನಾಗೇ ಇದೆಯಲ್ಲ ಅಂದರು. ಹಾಳೆ ಅವರ ಕೈಯಲ್ಲೇ ಇತ್ತು. ಗುಡ್ಡ ನೋಡಿದರು. ಇರುವೆ ಅಕ್ಷರ ನೋಡಲಿಲ್ಲ. ನಾನು ಬೆರಳಿಟ್ಟು ತೋರಿಸಬಹುದಿತ್ತು. ತೋರಿಸಲಿಲ್ಲ.

ಯಾಕೆಂದರೆ ಅದು ನೀನು ಹೇಳಬೇಕಾದದ್ದು. ನಾನು ಹೇಳಿದರೆ ನೀನು ಸಿಕ್ಕಿಬಿದ್ದವಳು. ನೀನೇ ಹೇಳಿದರೆ, ತಪ್ಪು ಮಾಡಿ ಒಪ್ಪಿಕೊಂಡವಳು. ಎರಡೂ ಕಡೆ ಏಟು ಬೀಳುತ್ತದೆ, ನಾನು ಸಿಹಿ ಹಚ್ಚಿ ಹೇಳುವುದಿಲ್ಲ. ಬಾಸು ಕೂಗಾಡುತ್ತಾನೆ, ನಿನ್ನನ್ನು ಆ ಕೆಲಸದಿಂದ ತೆಗೆಯಬಹುದು, ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದು ಕೈತಪ್ಪಬಹುದು. ಗೊತ್ತಿದ್ದೂ ಕೇಳುತ್ತಿದ್ದೇನೆ. ಹನ್ನೊಂದನೇ ಬ್ಯಾಚು ನಮಗೆ ಮಾತ್ರ ಬಂದಿಲ್ಲ, ಐದು ಆಸ್ಪತ್ರೆಗೆ ಹೋಗಿದೆ. ಅಲ್ಲೆಲ್ಲ ಸೂಜಿ ಹಿಡಿದವರು ನನ್ನ ಹಾಗೆ ಗುರುತು ಹಾಕಿದ್ದಾರೋ ಇಲ್ಲವೋ ಯಾರಿಗೆ ಗೊತ್ತು? ಅಲ್ಲೂ ಯಾರೋ ಸಾಕಾಗಲಿಲ್ಲ ಅನ್ನುತ್ತಿರಬಹುದು, ಯಾರೋ ಅದನ್ನು ಭ್ರಮೆ ಎಂದು ಬರೆಯುತ್ತಿರಬಹುದು.

ಮಷೀನು ಹಳೆಯ ಅಳತೆಯನ್ನು ಇಟ್ಟುಕೊಂಡಿರುತ್ತದೆ ಎಂದು ನೀನೇ ಹೇಳಿದ್ದೆ. ಹಾಗಾದರೆ ಹನ್ನೊಂದನ್ನು ಗಾತ್ರದ ಲೆಕ್ಕದಲ್ಲಿ ಮತ್ತೆ ತೆಗೆದು, ಸಹಿ ಹಾಕಿ, ನಿನ್ನ ಬಾಸಿಗೂ ನಮ್ಮ ದೊಡ್ಡ ಡಾಕ್ಟರಿಗೂ ಒಟ್ಟಿಗೇ ಕಳಿಸು. ಬಾಸಿಗೆ ಮಾತ್ರ ಕೊಟ್ಟರೆ ಅದು ಅಲ್ಲೇ ಮಲಗುತ್ತದೆ, ಅವನನ್ನು ನಾನು ನೋಡಿಲ್ಲ, ಆದರೂ ಗೊತ್ತು. ಈ ಕಾಗದ ನಾಳೆ ಬೆಳಗಿನ ಕೊರಿಯರಿಗೆ ಹಾಕುತ್ತೇನೆ, ಮಂಗಳವಾರ ನಿನ್ನ ಕೈಯಲ್ಲಿರುತ್ತದೆ. ಬುಧವಾರ ಇಡೀ ದಿನ ನಿನಗಿದೆ. ಗುರುವಾರ ಹತ್ತು ಗಂಟೆಯವರೆಗೆ ನಿನ್ನಿಂದ ಹಾಳೆ ಬರದಿದ್ದರೆ ನಾನು ಸಭೆಯ ಬಾಗಿಲು ತಟ್ಟಿ, ಆ ಇರುವೆ ಅಕ್ಷರದ ಮೇಲೆ ಬೆರಳಿಡುತ್ತೇನೆ. ಹೆದರಿಸುತ್ತಿಲ್ಲ ಕಂದಾ. ಹೇಳದೇ ಮಾಡಿದರೆ ಅದು ಬೆನ್ನಿಗೆ ಚುಚ್ಚಿದ ಹಾಗಾಗುತ್ತದೆ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ.

ನಿನ್ನ ಮೇಲೆ ನನಗೆ ಕೋಪ ಇದೆ. ಮುಚ್ಚಿಡುವುದಿಲ್ಲ. ಅಷ್ಟು ಓದಿದವಳು, ಒಂದು ಗುಂಡಿ ಒತ್ತುವ ಮೊದಲು ಆ ಕಡೆ ಒಬ್ಬ ಮನುಷ್ಯ ಪ್ಯಾಂಟು ಸಡಿಲಿಸಿಕೊಂಡು ಮಲಗಿರುತ್ತಾನೆ ಎಂದು ಯೋಚಿಸಬಾರದಿತ್ತೇ? ಹಾಗೆಯೇ ನಿನ್ನ ಮೇಲೆ ಜೀವವೂ ಇದೆ. ಕೆಲಸ ಹೋದರೆ ಸೀದಾ ಮನೆಗೆ ಬಾ. ನಿನ್ನ ಕೋಣೆಯಲ್ಲಿ ನಿಮ್ಮಪ್ಪ ಕೆಟ್ಟ ಫ್ಯಾನುಗಳನ್ನು ತುಂಬಿಸಿದ್ದಾರೆ, ಅದನ್ನು ಖಾಲಿ ಮಾಡಿಸುತ್ತೇನೆ. ಆದರೆ ಹೆಬ್ಬೆರಳು ಇಟ್ಟುಕೊಂಡು ಬರಬೇಡ.

ದರ್ಜಿ ಈಗ ಸ್ವಲ್ಪ ಪರವಾಗಿಲ್ಲ. ವಾರ್ಡಿನಲ್ಲಿ ಮಾತ್ರೆ ಕೊಡುತ್ತಿದ್ದಾರೆ, ರಾತ್ರಿ ನಿದ್ದೆ ಮಾಡುತ್ತಾನೆ. ಅವನ ಅಕ್ಕ ಆ ಏಳು ಕೋಟುಗಳ ತುಂಡುಗಳನ್ನು ಚೀಲಕ್ಕೆ ಹಾಕಿ ತಂದು ಅವನ ಮಂಚದ ಕೆಳಗಿಟ್ಟಿದ್ದಾಳೆ. ಸೂಜಿ ಕೊಡುವ ಹಾಗಿಲ್ಲ, ಹಾಗಾಗಿ ಅವನು ಸುಮ್ಮನೆ ತೆಗೆದು ಜೋಡಿಸಿ, ಯಾವುದು ಯಾರ ತೋಳು ಎಂದು ಹೇಳುತ್ತಿರುತ್ತಾನೆ. ನಿನ್ನೆ ಡಾಕ್ಟರ ಕೋಣೆಯಿಂದ ಬಂದ ಮೇಲೆ ಅವನ ಹತ್ತಿರ ಹೋಗಿ, ಹೋದ ಸಲ ಮದ್ದು ಪೂರ್ತಿ ಹೋಗಿರಲಿಲ್ಲ, ನೀನು ಹೇಳಿದ್ದೇ ಸರಿ, ತಪ್ಪು ನಂದು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಹಾಗಾದ್ರೆ ಅದು ನನ್ನ ತಲೆಯೊಳಗಿಂದು ಅಲ್ವಲ್ಲ ಸಿಸ್ಟರ್ ಎಂದು ಎರಡು ಸಲ ಕೇಳಿದ. ಅಲ್ಲಪ್ಪಾ, ಸಿರಿಂಜಿನೊಳಗಿಂದು ಎಂದೆ. ಅವನು ಗೋಡೆ ಕಡೆ ತಿರುಗಿ ಮಲಗಿ ಅತ್ತ. ನಾನೂ ಅತ್ತೆ. ಅವನ ಅಕ್ಕ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅವಳ ಜಾಗದಲ್ಲಿದ್ದರೆ ನಾನು ಕೆನ್ನೆಗೆ ಬಾರಿಸುತ್ತಿದ್ದೆ.

ಇಷ್ಟೇ ವಿಷಯ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಉತ್ತರವನ್ನು ನನಗೆ ಬರೆಯಬೇಕಿಲ್ಲ, ದೊಡ್ಡ ಡಾಕ್ಟರಿಗೆ ಬರೆ.

ಸದಾ ನಿನ್ನವಳೇ ಆದ,
ಅಮ್ಮ

ಕಡೆಗೊಂದು ಮಾತು: ಅಂಟು ಹಚ್ಚುವ ಮೊದಲು ಇಡೀ ಕಾಗದ ಮತ್ತೆ ಓದಿದೆ. ಒಂದು ಕಡೆ ನಿಜ ಬರೆದಿಲ್ಲ. ನಿನ್ನ ಬ್ಯಾಚು ಎಂದು ಸುಳ್ಳು ಗುರುತು ಹಾಕಿದೆ ಎಂದೆನಲ್ಲ, ಹಾಗಲ್ಲ ಅದು. ಆ ಮಂಗಳವಾರ ಗುರುತು ಹಾಕುವಾಗ ಬಾಟಲಿಯ ಮೇಲಿನ ನಂಬರು ನಾನು ನೋಡಿಯೇ ಇರಲಿಲ್ಲ. ಖಾಲಿ ಡಬ್ಬಿ ಎಸೆಯುವಾಗ ಹನ್ನೊಂದು ಎಂದು ಕಂಡಿತು, ಅಷ್ಟರಲ್ಲಿ ಚೀಟಿ ಮುಗಿದಿತ್ತು. ಹೊಸ ಡಬ್ಬಿ ತರಿಸಬೇಕಾದರೆ ಮದ್ದಿನ ಉಗ್ರಾಣದ ಬೀಗದ ಕೈ ಬೇಕು, ಬೀಗದ ಕೈಯವನು ಊಟಕ್ಕೆ ಹೋಗಿದ್ದ, ಮೂರು ಫಾರಂ, ಎರಡು ಸಹಿ, ಮುಕ್ಕಾಲು ಗಂಟೆ. ಒಂದು ಗಂಟೆಗೆ ಐದು ನಿಮಿಷ ಇತ್ತು. ನನಗೆ ಹಸಿವಾಗಿತ್ತು. ಗುರುತು ಹಾಕಿ, ಕೈ ತೊಳೆದು, ಹೋಗಿ ಹೊಟ್ಟೆ ತುಂಬಾ ಊಟ ಮಾಡಿದೆ. ಮಗಳ ಬ್ಯಾಚು ಅನ್ನುವುದು ಆಮೇಲೆ ಸಿಕ್ಕ ನೆಪ. ನಿನ್ನೆ ದೊಡ್ಡ ಡಾಕ್ಟರಿಗೂ ಅದನ್ನೇ ಹೇಳಿದ್ದೆ, ಹೊರಡುವಾಗ ಅವರು ತಾಯಿಕರುಳು ಎಂದು ಮೆತ್ತಗಾದರು, ನಾನು ಸುಮ್ಮನೆ ಒಪ್ಪಿಕೊಂಡೆ. ನಾಳೆ ಬೆಳಗ್ಗೆ ಮೊದಲು ಅವರ ಕೋಣೆಗೆ ಹೋಗಿ ಅದನ್ನು ತಿದ್ದಿಸುತ್ತೇನೆ, ಆಮೇಲೆ ಕೊರಿಯರ್. ನನ್ನಿಂದ ಅಮ್ಮ ತಪ್ಪು ಮಾಡಿದಳು ಎಂದು ನೀನು ತಲೆ ಮೇಲೆ ಕೈ ಹೊತ್ತು ಕೂರಬೇಡ. ನಿನ್ನಿಂದ ಆಗಿದ್ದು ಆ ಒಂದು ಹಾಳೆ, ಅದನ್ನು ನೋಡಿಕೋ.